ನಿಲ್ತಾಳೆ ಅಂತ ಹೇಳಿಬಿಟ್ಟೆ ಮೇಷ್ಟ್ರೇ

ನನ್ನ ಖೋ ಖೋ ಮೇಷ್ಟ್ರಿಗೆ,

ನೀವು ತೀರಿಹೋಗಿ ಎರಡು ವರ್ಷವಾಯಿತು. ಇಷ್ಟು ದಿನ ಸುಮ್ಮನಿದ್ದವಳು ಈಗ ಬರೆಯುತ್ತಿರುವುದು ಜಗಳಕ್ಕೋ, ಸಲಹೆಗೋ, ನನಗೇ ಗೊತ್ತಾಗುತ್ತಿಲ್ಲ. ನಿಮ್ಮ ಮೇಲೆ ಸಿಟ್ಟಂತೂ ಇದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಪಾಂಡವಪುರದ ಮೈದಾನದಲ್ಲಿ ಸ್ಪೋರ್ಟ್ಸ್ ಹಾಸ್ಟೆಲಿಗೆ ಆಯ್ಕೆ ನಡೆದ ದಿನ ನೆನಪಿದೆಯಾ? ನಾನಾಗ ಒಂಬತ್ತನೇ ಕ್ಲಾಸು. ಆಟವೆಲ್ಲ ಮುಗಿದ ಮೇಲೆ ಆಯ್ಕೆಗೆ ಬಂದ ಸಾಹೇಬರು ನಿಮ್ಮನ್ನು ಪಕ್ಕಕ್ಕೆ ಕರೆದು ಟೀ ಕೊಟ್ಟರು. ಪದ್ಧತಿಯೇ ಅದಲ್ಲವಾ, ಮಕ್ಕಳನ್ನು ಬೆವರಿಳಿಯುವಂತೆ ಓಡಿಸಿ, ಕೊನೆಗೆ ಮೇಷ್ಟ್ರ ಮಾತು ಕೇಳಿ ಹೆಸರು ಬರೆದುಕೊಳ್ಳುವುದು. ನೀವು ಅಂದಿರಿ, "ಆಟ ಬೆಂಕಿ ಸಾರ್. ಆದ್ರೆ ಆಸ್ಟೆಲ್ನಾಗೆ ನಿಲ್ಲಾಕಿಲ್ಲ. ನಾಗಮಂಗಲದ ಕ್ಯಾಂಪಲ್ಲಿ ಮೂರೇ ದಿನಕ್ಕೆ ಅವ್ವ ಬೇಕು ಅಂತ ಅತ್ಕಂಡು ಕುಂತಿದ್ಲು."

ನಾನು ಗೋಡೆಯ ಆಚೆ ಶೂ ಬಿಚ್ಚುತ್ತಿದ್ದೆ. ಪೂರ್ತಿ ಕೇಳಿಸಿತು. ಇದು ನಿಮಗೆ ಗೊತ್ತೇ ಇರಲಿಲ್ಲ ಅಲ್ಲವಾ? ಮರುದಿನ "ಬುಡವ್ವ, ಮುಂದಿನ್ ವರ್ಷ ನೋಡನ" ಅಂದಿರಿ. ನಾನೂ ತಲೆ ಆಡಿಸಿದೆ. ಮುಂದಿನ ವರ್ಷಕ್ಕೆ ವಯಸ್ಸು ಮೀರಿತ್ತು.

ಹೋದ ತಿಂಗಳು ಅದೇ ಟೀ ಲೋಟ ನನ್ನ ಕೈಯಲ್ಲಿತ್ತು. ಕೆ.ಆರ್. ಪೇಟೆ ಕಡೆ ನಾನೀಗ ಆಟ ಕಲಿಸುವ ಸ್ಕೂಲಿನಲ್ಲಿ ಭವ್ಯ ಅಂತ ಒಬ್ಬಳಿದ್ದಾಳೆ, ನೀವು ನೋಡಿಲ್ಲ. ಅಟ್ಟಿಸಿಕೊಂಡು ಹೊರಟಳೆಂದರೆ ಎದುರಿನವರಿಗೆ ಉಸಿರಾಡಲು ಬಿಡುವುದಿಲ್ಲ. ಅವಳೂ ಶ್ರೀರಂಗಪಟ್ಟಣದ ಕ್ಯಾಂಪಿನಲ್ಲಿ ದಿಂಬು ಒದ್ದೆ ಮಾಡಿದವಳೇ. "ಮೇಡಂ, ಮಗು ಹಾಸ್ಟೆಲಲ್ಲಿ ನಿಲ್ಲುತ್ತಾ? ಹೋದ ವರ್ಷ ಇಬ್ಬರು ಅರ್ಧಕ್ಕೇ ಓಡಿಹೋದ್ರು" ಅಂದರು ಸಾಹೇಬರು. ನೀವು ನನಗೆ ಮಾಡಿದ್ದನ್ನು ನಾನು ಅವಳಿಗೆ ಮಾಡಬಾರದು ಅನ್ನುವುದೊಂದೇ ತಲೆಯಲ್ಲಿ. "ನಿಲ್ತಾಳೆ ಸಾರ್, ನಾನು ಗ್ಯಾರಂಟಿ" ಅಂದುಬಿಟ್ಟೆ.

ನಿನ್ನೆ ಸ್ಕೂಲ್ ಗೇಟಿನ ಹತ್ತಿರ ಅವಳ ಅಪ್ಪ ನಿಂತಿದ್ದರು. ಡೈರಿಗೆ ಹಾಲು ಹಾಕಿ ನೇರ ಬಂದಿದ್ದರು, ಕ್ಯಾನು ಇನ್ನೂ ಗಾಡಿಯಲ್ಲೇ ಇತ್ತು. "ಟೀಚರೇ, ನೀವ್ ಏಳಿದ್ರಿ ಅಂತ ಕಳಿಸ್ದೆ. ಮಗು ಊಟಾನೇ ಬುಟ್ಬುಟ್ಟದಂತೆ. ದಿನಾ ಫೋನಲ್ಲಿ ಅಳ್ತದೆ. ಕರ್ಕಂಡ್ ಬಂದ್ಬುಡ್ಲಾ?" ಭಾನುವಾರದವರೆಗೆ ತಡೆಯಿರಿ ಅಂದೆ. ಅವಳು ವಾಪಸ್ ಬಂದರೆ ಸೀಟು ಹೋಯಿತು. ನಾಳೆ ಇನ್ನೊಬ್ಬಳ ಪರವಾಗಿ ನಾನು ಮಾತಾಡಿದರೆ ಯಾರು ನಂಬುತ್ತಾರೆ? ಬರದಿದ್ದರೆ ಆ ಮಗು...

ಹಾಗಾದರೆ ಅವತ್ತು ನೀವು ಹೇಳಿದ್ದೇ ಸರಿಯಾ? ಹೌದು ಅನ್ನಲು ಮನಸ್ಸು ಬರುವುದಿಲ್ಲ. ಅಲ್ಲ ಅನ್ನೋಣವೆಂದರೆ ಭವ್ಯಳ ಅಪ್ಪನ ಮುಖ ಕಣ್ಣ ಮುಂದೆ ಬರುತ್ತದೆ. ನೀವಿದ್ದಿದ್ದರೆ ಬೈದಾದರೂ ಒಂದು ದಾರಿ ತೋರಿಸುತ್ತಿದ್ದಿರಿ.

ಭಾನುವಾರ ಮೊದಲ ಬಸ್ಸಿಗೆ ಮೈಸೂರಿನ ಅವಳ ಹಾಸ್ಟೆಲಿಗೆ ಹೋಗುತ್ತಿದ್ದೇನೆ. ಬುದ್ಧಿ ಹೇಳುವುದಿಲ್ಲ, ಪುಸಲಾಯಿಸುವುದಿಲ್ಲ. ಇರ್ತೀಯಾ, ಬರ್ತೀಯಾ ಅಂತ ಕೇಳುತ್ತೇನೆ. ಬರ್ತೀನಿ ಅಂದರೆ ಕರೆದುಕೊಂಡು ಬರುತ್ತೇನೆ, ಸಾಹೇಬರ ಬೈಗುಳ ನನಗಿರಲಿ. ಗ್ಯಾರಂಟಿ ಕೊಡುವ ಮೊದಲು ಅವಳನ್ನು ಒಂದು ಮಾತು ಕೇಳಬೇಕು ಅಂತ ನನಗೆ ಹೊಳೆದೇ ಇರಲಿಲ್ಲ ಮೇಷ್ಟ್ರೇ. ನೀವೂ ನನ್ನನ್ನು ಕೇಳಲಿಲ್ಲ. ಕೇಳಿದ್ದರೆ ಬಹುಶಃ ನಾನೇ ಹೋಗಲ್ಲ ಅನ್ನುತ್ತಿದ್ದೆ. ಆದರೂ ನೀವು ಕೇಳಬೇಕಿತ್ತು.