ಡಬ್ಬಿ ಮೀನು

ಮಂಗಳವಾರ, ಮಾರ್ಚ್ ೧೧

ಊರಿನವರ ಪಾಲಿಗೆ ಮೀನು ಉಳಿಯಲಿ ಅಂತ, ಮೀನು ಹಿಡಿಯೋ ದೊಡ್ಡ ಹಡಗುಗಳನ್ನು ದಡದಿಂದ ದೂರ ಇಡೋಕೆ ನಮ್ಮ ಟ್ರಸ್ಟ್ ಐದು ವರ್ಷ ನಡೆಸಿದ ಯೋಜನೆಗೆ ಇವತ್ತು ‘ಯಶಸ್ವಿ’ ಅಂತ ಷರಾ ಬರೆದುಕೊಟ್ಟೆ. “ಬಂದರಿಗೆ ಮೀನು ಹೆಚ್ಚು ಬರ್ತಿದೆಯಲ್ಲ, ಇನ್ನೇನು ಬೇಕು?” ಅಂದರು ಅಧ್ಯಕ್ಷರು. ಅಷ್ಟೂ ಕೋಳಿ ಆಹಾರದ ಕಾರ್ಖಾನೆಗೆ ಹೋಗುತ್ತೆ ಅನ್ನೋಕೆ ನನಗೆ ಬಾಯಿ ಬರಲಿಲ್ಲ. ಥೂ, ನನ್ನ ಜನ್ಮಕ್ಕಿಷ್ಟು.

ಹೋದ ವಾರ ಪರಿಶೀಲನೆಗೆ ಆ ಬಂದರಿಗೆ ಹೋದಾಗ ಮೀನು ಮಾರುವ ಅಕ್ಕ ಒಬ್ಬಳು ತನ್ನ ಮನೆಯಲ್ಲಿ ಊಟಕ್ಕೆ ಕೂರಿಸಿದಳು. ಅಂಗಡಿಯಿಂದ ತಂದ ಡಬ್ಬಿ ಮೀನು ಬಡಿಸುತ್ತಾ, “ಏನೂ ಅಂದ್ಕೋಬೇಡಿ ಮೇಡಂ, ಬುಟ್ಟಿ ಖಾಲಿ” ಅಂದಳು. ಅವಳಿಗೆ ಬೇಜಾರಾಗಬಾರದು ಅಂತ ನಾನು “ಚೆನ್ನಾಗಿದೆ ಅಕ್ಕಾ” ಎಂದು ಇನ್ನೊಂದು ತುಂಡು ಹಾಕಿಸಿಕೊಂಡೆ.

ಡಬ್ಬಿಯಲ್ಲಿ ಇದ್ದದ್ದೇ ಎರಡು ತುಂಡು. ಆಮೇಲೆ ಅವಳು ಬರೀ ಅನ್ನಕ್ಕೆ ಉಪ್ಪು ಕಲಸಿಕೊಂಡು, ನಗುನಗುತ್ತಾ...