ಕೈ ಮರೆತ ಸಹಿ

ಮಂಗಳವಾರ, ಮಾರ್ಚ್ ೧೨

ಪಾಸ್‌ಪೋರ್ಟ್ ನವೀಕರಣದ ಅರ್ಜಿಯನ್ನು ಇವತ್ತು ಕೌಂಟರಿನಲ್ಲೇ ವಾಪಸ್ ಕೊಟ್ಟರು. ಹಳೆಯ ಪಾಸ್‌ಪೋರ್ಟಿನಲ್ಲಿ ನನ್ನ ಸಹಿ ದುಂಡಗೆ ಕನ್ನಡದಲ್ಲಿದೆ. ಈ ಊರಿಗೆ ಬಂದಮೇಲೆ ಪಾರ್ಸಲ್ ತರುವವನ ಫೋನಿನ ಮೇಲೆ ಬೆರಳಿನಿಂದ ಗೀಚಿ ಗೀಚಿ ಕೈ ಕೆಟ್ಟಿದೆ. ಅರ್ಜಿಯಲ್ಲೂ ಹಾಗೇ ಗೀಚಿದ್ದೆ. "ಇದು ನಿಮ್ಮದೇ ಸಹಿನಾ ಮೇಡಂ?" ಎಂದು ಕೌಂಟರಿನಾಕೆ ಕೇಳಿದಾಗ ಮೈಯೆಲ್ಲ ಉರಿಯಿತು.

ಬೆಂಚಿನ ಮೇಲೆ ಕೂತು, ಬಸ್ ಟಿಕೆಟ್ಟಿನ ಹಿಂದೆ ನನ್ನ ಹೆಸರನ್ನು ನಾನೇ ತಿದ್ದಿದೆ. ಜೊತೆಗೆ ಬಂದಿದ್ದ ಮಗಳು ಇಣುಕಿದಳು.

"ಅಮ್ಮಾ, ನಿಂಗೂ ಹೋಮ್‌ವರ್ಕಾ? ಚೆನ್ನಾಗಿದೆ. ನನ್ ಹೆಸ್ರೂ ಹೀಗೇ ಬರ್ಕೊಡು."

ಕನ್ನಡ ಕಲಿ ಎಂದರೆ ಮೂತಿ ತಿರುಗಿಸುತ್ತಿದ್ದವಳು!

ದುಂಡಗೆ ಸಹಿ ಹಾಕಿ ಕೊಟ್ಟ ಹೊಸ ಅರ್ಜಿಯನ್ನು ತೆಗೆದುಕೊಂಡರು. ಬರುವಾಗ ಬಸ್ಸಿನ ಮಂಜುಗಟ್ಟಿದ ಗಾಜಿನ ತುಂಬಾ ಅವಳದೇ ಹೆಸರು, ಕನ್ನಡದಲ್ಲಿ.

ನಾಳೆ ಪಾರ್ಸಲ್ ಬರುವುದಿದೆ. ಸಹಿ ತಾನೇ ಹಾಕುತ್ತಾಳಂತೆ, ಪೂರ್ತಿ ಹೆಸರು. ಹಾಕಲಿ. ಬಂದವನು ಕಾಯಲಿ.