ಹಲಗೆಯ ಮೇಲಿನ ಮುಖಗಳು

ಜೂನ್ 4, ಭಾನುವಾರ

ಇವತ್ತೂ ಚಿತ್ರದಲ್ಲಿ ಕ್ಲೈವ್‌ನ ಮೂಗು ಸರಿಯಾಗಲಿಲ್ಲ. ಮತ್ತೆ ಬಿಳಿ ಬಳಿದೆ. ಅವನ ಬೇಕರಿಯ ಕಿಟಕಿಗೆ ಬಡಿದಿರುವ ಪ್ಲೈವುಡ್ ಸಿಕ್ಕಾಪಟ್ಟೆ ಬಣ್ಣ ಕುಡಿಯುತ್ತದೆ. ಪ್ರವಾಹ ಬಂದು ಹೋಗಿ ವರ್ಷ ದಾಟಿತು. ಲಿಸ್ಮೋರ್‌ನ ನಮ್ಮ ಬೀದಿಯಲ್ಲಿ ತೆರೆದಿರುವ ಅಂಗಡಿಗಿಂತ ಹಲಗೆ ಬಡಿದವೇ ಹೆಚ್ಚು. ಪ್ರತಿ ಹಲಗೆಯ ಮೇಲೂ ಆ ಅಂಗಡಿಯವರ ಮುಖ — ನನ್ನದೇ ಯೋಚನೆ. ಊರು ಬಿಟ್ಟವರು ತಮ್ಮ ಮುಖ ನೋಡಿಯಾದರೂ ವಾಪಸ್ ಬರಬಾರದೇ?

ಎರಲ್ ಚಹಾ ತಂದುಕೊಟ್ಟ. "ಊರಿಗೆ ಬೇಕಾಗಿರೋದು ಬ್ರೆಡ್ಡು ಕಣೇ ರಾಸ್. ಬ್ರೆಡ್ ಮಾಡೋನ ಚಿತ್ರ ಅಲ್ಲ."

ಗಂಡ ಅಂದಮೇಲೆ ಇಷ್ಟಾದರೂ ಹೇಳಬೇಡವೇ.

ಜೂನ್ 11

ನೊಯೆಲಾ ಬಂದಿದ್ದಳು. ಅವಳ ಸಲೂನಿನಲ್ಲಿ ಕೆಸರು ಸೂರು ಮುಟ್ಟಿತ್ತು. ಈಗ ಕ್ಯಾರವಾನ್ ಗಾಡಿಯಲ್ಲೇ ಸಂಸಾರ. "ಕೂದಲು ಸ್ವಲ್ಪ ದಟ್ಟ ಮಾಡೇ, ನಿನ್ನ ಗಂಟೇನು ಹೋಗುತ್ತೆ!" ನಕ್ಕೆವು. ಆಮೇಲೆ ಬ್ರಷ್ ಕಿತ್ತುಕೊಂಡು ತನ್ನ ಚಿತ್ರದ ಏಪ್ರನ್ನಿಗೆ ತಾನೇ ಬಣ್ಣ ತುಂಬಿದಳು. ಸಂಜೆಯವರೆಗೂ ಇದ್ದಳು. ಈ ಬೀದಿಯಲ್ಲಿ ನಗು ಕೇಳಿ ಎಷ್ಟು ಕಾಲವಾಗಿತ್ತು...

ಜೂನ್ 24, ಶನಿವಾರ

ಚಿತ್ರ ನೋಡಲು ಕರೆದಿದ್ದವರೆಲ್ಲ ಬಂದರು! ಬ್ರಿಸ್ಬೇನಿನಿಂದ, ಬಲೀನಾದಿಂದ, ಟುವೂಂಬಾದಿಂದ. ಸಾಸೇಜ್ ಸುಟ್ಟೆವು. ಶಾಲೆಯ ಬ್ಯಾಂಡ್ ನುಡಿಸಿತು. ಹಳೆಯ ನೆರೆಹೊರೆಯವರು ತಬ್ಬಿಕೊಂಡು ಅತ್ತರು. ಕ್ಲೈವ್ ಹಲಗೆಯ ಮೇಲಿನ ತನ್ನ ಮುಖದ ಮುಂದೆ ಟೋಪಿ ತೆಗೆದು ನಿಂತ.

"ಮೂಗಿಗೆ ಅನ್ಯಾಯ ಮಾಡಿದ್ದೀಯ."

ಈಗಲೇ ಕೇಳಿಬಿಡೋಣ ಎನಿಸಿತು. "ಇಲ್ಲಿ ಒಲೆ ಯಾವಾಗ ಹಚ್ತೀಯ?"

"ಟುವೂಂಬಾದಲ್ಲಿ ಹಚ್ಚಾಯ್ತು, ರಾಸ್. ಬೆಟ್ಟದ ಮೇಲಿದೆ ಊರು. ಮಳೆ ಬಂದ್ರೂ ನಿದ್ದೆ ಬರುತ್ತೆ ಅಲ್ಲಿ." ಹಲಗೆಯ ಅಂಚು ಸವರುತ್ತ — "ಒಂದು ಕೇಳ್ಲಾ? ಈ ಹಲಗೆ ತಗೊಂಡು ಹೋಗ್ಲಾ? ಅಂಗಡಿ ಗೋಡೆಗೆ ಹಾಕ್ಕೊಳ್ತೀನಿ."

ತಗೊಂಡು ಹೋಗು ಎಂದೆ. ಎರಲ್ ಸ್ಕ್ರೂಡ್ರೈವರ್ ತಂದ. ಅದನ್ನು ನೋಡಿ ಉಳಿದವರೂ ತಮ್ಮ ತಮ್ಮ ಹಲಗೆ ಕೇಳಿದರು.

ಜೂನ್ 25

ಬೆಳಿಗ್ಗೆ ಬೀದಿಗೆ ಹೋದೆ. ಹಲಗೆ ಬಿಚ್ಚಿದ ಕಡೆಯೆಲ್ಲ ಕತ್ತಲು. ಒಳಗೆ ಒಣಗಿದ ಕೆಸರು ಕಾಣುತ್ತದೆ. ಮೊದಲೇ ವಾಸಿಯಿತ್ತು. ನಿನ್ನೆ ಎಲ್ಲರೂ ಎಷ್ಟು ಚೆನ್ನಾಗಿ ವಿದಾಯ ಹೇಳಿದರು! ನಾನೇ ಕರೆದು ಕೂಡಿಸಿದ್ದು.

ಜುಲೈ 19

ಬರೆಯಲು ಮನಸ್ಸಿರಲಿಲ್ಲ. ನೊಯೆಲಾಳ ಕ್ಯಾರವಾನ್ ಹೊರಟಿತು. ಮಗಳ ಊರಿಗಂತೆ. ಅವಳ ಹಲಗೆ ಬಿಚ್ಚಲು ಹೋದರೆ ಕೈ ಹಿಡಿದಳು.

"ಬಿಡು, ಇರ್ಲಿ. ಯಾರಾದ್ರೂ ಒಬ್ರು ಬೇಡ್ವಾ ನಿನ್ನ ಜೊತೆ?"

ಅಳಬಾರದು ಎಂದುಕೊಂಡಿದ್ದೆ.

ಆಗಸ್ಟ್ 6

ಕ್ಲೈವ್ ಫೋಟೋ ಕಳಿಸಿದ್ದಾನೆ. ಹೊಸ ಬೇಕರಿ, ಬಾಗಿಲವರೆಗೂ ಗಿರಾಕಿಗಳು, ಗೋಡೆಯ ಮೇಲೆ ನನ್ನ ಚಿತ್ರ. ಚೆನ್ನಾಗಿದೆ. ನಿಜಕ್ಕೂ ಚೆನ್ನಾಗಿದೆ.

ಎರಲ್ ಬಹಳ ಹೊತ್ತು ಅದನ್ನೇ ನೋಡಿದ. "ಆ ಕಡೆ ಬಾಡಿಗೆ ಮನೆ ಸಿಗುತ್ತಾ ಕೇಳು."

ತಮಾಷೆ ಎಂದುಕೊಂಡು ನಕ್ಕೆ. ಅವನು ನಗಲಿಲ್ಲ. ಎದ್ದು ಹೋಗಿ ಹಿತ್ತಲಿನಲ್ಲಿ ನದಿಯ ಕಡೆ ಬೆನ್ನು ಹಾಕಿ ಕೂತಿದ್ದಾನೆ.

ಕ್ಲೈವ್‌ಗೆ ಉತ್ತರ ಬರೆದೆ. ಚಿತ್ರಕ್ಕೆ ಬಿಸಿಲು ತಾಗದಂತೆ ನೋಡಿಕೋ ಎಂದು. ಅಷ್ಟೇ ಸಾಕು ಎಂದು ಕಳಿಸಲು ಹೋದೆ. ಕಳಿಸಲಿಲ್ಲ. ಕೆಳಗೆ ಇನ್ನೊಂದು ಸಾಲು ಸೇರಿಸಿದೆ — ಅಲ್ಲಿ, ನಿಮ್ಮ ಹತ್ತಿರದಲ್ಲೇ ಎಲ್ಲಾದರೂ, ನಮಗಿಬ್ಬರಿಗೆ ಒಂದು ಬಾಡಿಗೆ ಮನೆ ಸಿಗುತ್ತಾ?